ಹಳೆಯ ಪಿಕಪ್ಪಿನ ಟೈಮಿಂಗ್ ಚೈನು: ತುಂಡಾಗುವ ಮೊದಲೇ ಅಳೆದು ನೋಡಿರಿ

ಚೈನು ತುಂಡಾದರೆ ಏನಾಗುತ್ತದೆ ಎಂಬುದನ್ನು ಸಂತೆಕಲ್ಲೂರು, ಮಸ್ಕಿ, ಸಿಂಧನೂರು ಕಡೆಯ ರೈತ ಬಾಂಧವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರಸ್ಟ್ ಗೇಟಿನ ಚೈನು ತುಂಡಾಯಿತು. ಗೇಟು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನಂಬಿ ಭತ್ತ ಹಚ್ಚಿದವರು ಕೆಲವು ದಿನ ನಿದ್ದೆಗೆಟ್ಟು ಕುಳಿತರು. ಅಷ್ಟು ದೊಡ್ಡ ಅಣೆಕಟ್ಟಿನ ಒಂದು ಗೇಟಿನ ಭಾರ ನಿಂತಿದ್ದುದು ಒಂದು ಚೈನಿನ ಕೊಂಡಿಗಳ ಮೇಲೆ.

ನಿಮ್ಮ ಮನೆಯ ಮುಂದೆ ನಿಂತಿರುವ ಹಳೆಯ ಪಿಕಪ್ ಗಾಡಿಯ ಇಂಜಿನ್ನಿನೊಳಗೂ ಅಂಥದೇ ಒಂದು ಚೈನು ಇರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ. ಎಣ್ಣೆಯಲ್ಲಿ ಮುಳುಗಿ, ಮುಚ್ಚಳದ ಹಿಂದೆ, ವರ್ಷಗಟ್ಟಲೆ ಮಾತಿಲ್ಲದೆ ದುಡಿಯುತ್ತದೆ. ಅದರ ಹೆಸರು ಟೈಮಿಂಗ್ ಚೈನು. ಅದು ಸವೆದದ್ದನ್ನು ಸಮಯಕ್ಕೆ ಸರಿಯಾಗಿ ಗುರುತಿಸಿ ಬದಲಿಸಿದರೆ ಒಂದೆರಡು ದಿನದ ಕೆಲಸ. ಗುರುತಿಸದೆ ಬಿಟ್ಟರೆ ಇಂಜಿನ್ನಿನ ತಲೆಯೇ ಬಿಚ್ಚಬೇಕಾದೀತು. ಅದೂ ಕಣದಲ್ಲಿ ರಾಶಿ ಕಾದಿರುವ ಹೊತ್ತಿನಲ್ಲಿ.

ಈ ಚೈನು ಸವೆದಿದೆಯೋ ಇಲ್ಲವೋ ಎಂಬುದನ್ನು ಊಹೆಯಿಂದ ಹೇಳಬೇಕಾಗಿಲ್ಲ, ಯಾರ ಮಾತನ್ನೂ ನಂಬಬೇಕಾಗಿಲ್ಲ. ಅರ್ಧ ಗಂಟೆಯಲ್ಲಿ ಅಳೆದು ನೋಡಬಹುದು. ಅದು ಹೇಗೆ, ಅಳೆದ ಮೇಲೆ ಏನು ಮಾಡಬೇಕು, ಗ್ಯಾರೇಜಿನಲ್ಲಿ ನಿಂತು ಯಾವುದರ ಮೇಲೆ ಕಣ್ಣಿಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನಿಮ್ಮ ಗಾಡಿಯಲ್ಲಿ ಚೈನು ಇದೆಯೇ?

ಮೊದಲು ಇದನ್ನು ತಿಳಿದುಕೊಳ್ಳಿರಿ. ಎಲ್ಲ ಇಂಜಿನ್ನುಗಳಲ್ಲಿಯೂ ಚೈನು ಇರುವುದಿಲ್ಲ. ಹಳೆಯ ಜೀಪಿನ ಹರಿಕೇನ್ ಪೆಟ್ರೋಲ್ ಇಂಜಿನ್ನಿನಲ್ಲಿ ಚೈನಿನ ಬದಲು ಹಲ್ಲುಚಕ್ರಗಳೇ ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತವೆ. ಮಾರುತಿ ಓಮ್ನಿಯಲ್ಲಿ ರಬ್ಬರಿನ ಹಲ್ಲುಪಟ್ಟಿ ಇದೆ. ಅದನ್ನು ಇಂತಿಷ್ಟು ಕಿಲೋಮೀಟರಿಗೆ ಬದಲಿಸಲೇಬೇಕು. ಅಂಬಾಸಿಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಇಂಜಿನ್ನಿನಲ್ಲಿ ಚೈನು ಇದೆ.

ನಮ್ಮ ಭಾಗದ ಹಳ್ಳಿಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಡೀಸೆಲ್ ಗಾಡಿಗಳ ಪೈಕಿ ಚೈನಿನ ಇಂಜಿನ್ ಎಂದರೆ ಮೊದಲು ನೆನಪಿಗೆ ಬರುವುದು ಮೆಟಡೋರ್ ಮತ್ತು ಟ್ರ್ಯಾಕ್ಸ್. ಇವನ್ನು ತಯಾರಿಸಿದ ಪುಣೆಯ ಬಜಾಜ್ ಟೆಂಪೋ ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಎಂದು ಹೆಸರು ಬದಲಿಸಿಕೊಂಡಿತು. 1980ರ ದಶಕದಲ್ಲಿ ಆ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಪರವಾನಗಿ ಪಡೆದು ಓಎಂ 616 ಎಂಬ ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ನನ್ನು ನಮ್ಮ ದೇಶದಲ್ಲಿಯೇ ತಯಾರಿಸತೊಡಗಿತು. ಜರ್ಮನಿಯಲ್ಲಿ 1973ರಲ್ಲಿ ಮರ್ಸಿಡಿಸ್ 240 ಡಿ ಕಾರಿಗೆ ಕೂರಿಸಿದ ಇಂಜಿನ್ ಅದು, ಗಾತ್ರ 2.4 ಲೀಟರ್. ಅಲ್ಲಿ ಟ್ಯಾಕ್ಸಿಯಾಗಿ ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಗಟ್ಟಿತನಕ್ಕೆ ಹೆಸರು ಮಾಡಿತು. ನಮ್ಮಲ್ಲಿ ಹತ್ತಿಯ ಅಂಡಿಗೆ, ತೊಗರಿಯ ಚೀಲ, ಗೊಬ್ಬರ, ಸಂತೆಯ ಕಾಯಿಪಲ್ಯ ಎಲ್ಲವನ್ನೂ ಹೊತ್ತು ಅದೇ ಹೆಸರನ್ನು ಉಳಿಸಿಕೊಂಡಿತು.

ಈ ಇಂಜಿನ್ನಿನಲ್ಲಿ ಇರುವುದು ಜೋಡಿಸಾಲಿನ ಉಕ್ಕಿನ ಚೈನು. ಮುಂದಿನ ವಿವರಣೆಯೆಲ್ಲ ಈ ಇಂಜಿನ್ನನ್ನು ಕುರಿತದ್ದು. ಬೇರೆ ಗಾಡಿ ಇದ್ದವರು ತತ್ವವನ್ನು ಮಾತ್ರ ಇಲ್ಲಿಂದ ತೆಗೆದುಕೊಂಡು, ಅಳತೆಗಳನ್ನು ತಮ್ಮ ಗಾಡಿಯ ಕೈಪಿಡಿಯಿಂದ ನೋಡಿಕೊಳ್ಳಬೇಕು.

ಚೈನಿನ ಕೆಲಸವೇನು?

ಇಂಜಿನ್ನಿನ ಕೆಳಗಡೆ ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಇದೆ. ಮೇಲುಗಡೆ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಇದೆ. ಇವೆರಡೂ ಒಂದು ನೊಗಕ್ಕೆ ಕಟ್ಟಿದ ಜೋಡೆತ್ತಿನಂತೆ ಹೆಜ್ಜೆ ಕೂಡಿಸಿ ನಡೆಯಬೇಕು. ಕ್ರ್ಯಾಂಕು ಎರಡು ಸುತ್ತು ಬಂದಾಗ ಕ್ಯಾಮು ಸರಿಯಾಗಿ ಒಂದು ಸುತ್ತು ಬರಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಈ ಹೆಜ್ಜೆಯನ್ನು ಕೂಡಿಸುವ ನೊಗವೇ ಟೈಮಿಂಗ್ ಚೈನು. ಡೀಸೆಲ್ ಇಂಜಿನ್ನಿನಲ್ಲಿ ಅದಕ್ಕೆ ಇನ್ನೊಂದು ಹೊಣೆಯೂ ಇದೆ. ಡೀಸೆಲನ್ನು ಹನಿ ಲೆಕ್ಕದಲ್ಲಿ ಸಿಲಿಂಡರಿಗೆ ಚಿಮ್ಮಿಸುವ ಪಂಪು ತಿರುಗುವುದೂ ಇದೇ ಚೈನಿನಿಂದ.

ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಪ್ರತಿಯೊಂದು ವಾಲ್ವು ನಿಮಿಷಕ್ಕೆ 1000 ಸಲ ತೆರೆದು ಮುಚ್ಚುತ್ತದೆ. ಅಂದರೆ ಸೆಕೆಂಡಿಗೆ ಹದಿನಾರು ಹದಿನೇಳು ಸಲ. ಈ ಇಂಜಿನ್ನು 21 ಪಾಲು ಗಾಳಿಯನ್ನು 1 ಪಾಲಿಗೆ ಒತ್ತುವಂಥದು. ಆದ್ದರಿಂದ ಪಿಸ್ಟನ್ ಮೇಲಕ್ಕೆ ಬಂದಾಗ ಅದರ ನೆತ್ತಿಗೂ ಇಂಜಿನ್ನಿನ ತಲೆಗೂ ನಡುವೆ ಉಳಿಯುವ ಸಂದು ಬಹಳ ಕಿರಿದು. ಆ ಹೊತ್ತಿನಲ್ಲಿ ವಾಲ್ವು ತೆರೆದುಕೊಂಡು ಕೆಳಗೆ ಇಳಿದಿದ್ದರೆ ಪಿಸ್ಟನ್ನು ಅದಕ್ಕೆ ಗುದ್ದುತ್ತದೆ. ಚೈನು ತುಂಡಾದಾಗ ಆಗುವುದು ಇದೇ. ವಾಲ್ವುಗಳು ಬಾಗುತ್ತವೆ, ಅವನ್ನು ಒತ್ತುವ ರಾಕರುಗಳು ಮುರಿಯುತ್ತವೆ, ಕೆಲವೊಮ್ಮೆ ಪಿಸ್ಟನ್ನೂ ಕೆಡುತ್ತದೆ.

ಸವೆಯುವುದು ಹೇಗೆ?

ಚೈನು "ಎಳೆದುಕೊಂಡು ಉದ್ದವಾಯಿತು" ಎಂದು ಮೆಕ್ಯಾನಿಕರು ಹೇಳುವುದುಂಟು. ನಿಜವಾಗಿ ಉಕ್ಕು ಎಳೆದುಕೊಳ್ಳುವುದಿಲ್ಲ. ಒಂದೊಂದು ಕೊಂಡಿಯಲ್ಲಿ ಒಂದು ಪಿನ್ನು, ಅದರ ಸುತ್ತ ಒಂದು ಬುಷ್ ಇರುತ್ತದೆ. ಇವೆರಡರ ನಡುವಿನ ಉಜ್ಜಾಟದಿಂದ ಕೂದಲೆಳೆಗಿಂತ ಕಡಿಮೆ, ಅಂದರೆ 0.03 ಮಿಲಿಮೀಟರ್ ಸವೆದರೂ ಸಾಕು. 100 ಕೊಂಡಿಗೆ ಅದು 3 ಮಿಲಿಮೀಟರ್ ಆಗುತ್ತದೆ. ಈ ಚೈನಿನಲ್ಲಿ ಕೊಂಡಿಗಳು ನೂರಕ್ಕಿಂತಲೂ ಹೆಚ್ಚು. ಹನಿಹನಿ ಕೂಡಿ ಹಳ್ಳವಾದಂತೆ, ಎಳೆಎಳೆ ಸವೆದು ಚೈನು ಸಡಿಲಾಗುತ್ತದೆ.

ಸವೆತಕ್ಕೆ ಮುಖ್ಯ ಕಾರಣ ಹಾಳಾದ ಇಂಜಿನ್ ಆಯಿಲ್. ಡೀಸೆಲ್ ಉರಿದಾಗ ಹುಟ್ಟುವ ಮಸಿ ಎಣ್ಣೆಗೆ ಸೇರುತ್ತದೆ. ನಮ್ಮ ಎರೆಭೂಮಿಯ ದಾರಿಗಳಲ್ಲಿ ಬೇಸಿಗೆಯಲ್ಲಿ ಏಳುವ ಧೂಳು, ಗಾಳಿ ಸೋಸುವ ಫಿಲ್ಟರು ಹರಿದಿದ್ದರೆ, ಒಳಕ್ಕೆ ಹೋಗಿ ಎಣ್ಣೆಗೇ ಸೇರುತ್ತದೆ. ಆಗ ಎಣ್ಣೆ ಎಣ್ಣೆಯಾಗಿ ಉಳಿಯುವುದಿಲ್ಲ, ಸಾಣೆಕಲ್ಲಿನ ನೀರಾಗುತ್ತದೆ. "ಎಣ್ಣೆ ಕಡಿಮೆಯಾಗಿಲ್ಲ, ಇನ್ನೊಂದು ತಿಂಗಳು ಓಡಲಿ" ಎನ್ನುವವರು ಚೈನನ್ನು ತಾವೇ ಸಾಣೆಗೆ ಹಿಡಿದಂತಾಯಿತು.

ಚೈನು ಕೊಡುವ ಸೂಚನೆಗಳು

ಒಂದು: ಬೆಳಿಗ್ಗೆ ಮೊದಲ ಸಲ ಚಾಲೂ ಮಾಡಿದಾಗ ಇಂಜಿನ್ನಿನ ಮುಂಭಾಗದಲ್ಲಿ "ಗರಗರ" ಎಂದು ತಗಡು ಅಲುಗಿದಂಥ ಸಪ್ಪಳ, ಕೆಲವು ಸೆಕೆಂಡುಗಳಲ್ಲಿ ಅದು ನಿಂತುಹೋಗುವುದು. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಎಂಬ ಭಾಗ ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತದೆ. ಎಣ್ಣೆ ಏರುವ ತನಕ ಸಡಿಲ ಚೈನು ಬಡಿದಾಡುತ್ತದೆ, ಏರಿದ ಮೇಲೆ ಸುಮ್ಮನಾಗುತ್ತದೆ. "ಬಿಸಿಯಾದ ಮೇಲೆ ಸರಿಹೋಗುತ್ತದೆ" ಎಂದು ಸಮಾಧಾನ ಮಾಡಿಕೊಳ್ಳಬೇಡಿರಿ. ಸರಿಹೋಗುವುದು ಸಪ್ಪಳ, ಸವೆತವಲ್ಲ.

ಎರಡು: ಏರಿನಲ್ಲಿ ಎಳೆತ ಕಡಿಮೆಯಾಗುವುದು, ಡೀಸೆಲ್ ಹೆಚ್ಚು ಕುಡಿಯುವುದು, ಬೆಳಗಿನ ಹೊತ್ತು ಬಿಳಿ ಹೊಗೆ ಬಹಳ ಹೊತ್ತು ಬರುವುದು. ಚೈನು ಸಡಿಲಾದಷ್ಟೂ ವಾಲ್ವು ತಡವಾಗಿ ತೆರೆಯುತ್ತದೆ, ಡೀಸೆಲೂ ತಡವಾಗಿ ಚಿಮ್ಮುತ್ತದೆ. ಅಂದರೆ ಸವೆದ ಚೈನು ಇಂಜಿನ್ನನ್ನು ಮುರಿಯುವ ಬಹಳ ಮೊದಲೇ ನಿಮ್ಮ ಜೇಬಿಗೆ ಕೈಹಾಕಿರುತ್ತದೆ.

ಮೂರು: ಎಣ್ಣೆ ಬದಲಿಸುವಾಗ ಕೆಳಗಿನ ತಟ್ಟೆಯಲ್ಲಿ ಪ್ಲಾಸ್ಟಿಕ್ಕಿನ ಕಂದು ಚೂರುಗಳು ಸಿಕ್ಕರೆ ಚೈನು ಜಾರುವ ದಾರಿಯ ಪಟ್ಟಿ ಒಡೆಯುತ್ತಿದೆ ಎಂದು ತಿಳಿಯಿರಿ. ಇದಂತೂ ಕಡೆಯ ಎಚ್ಚರಿಕೆ.

ಆದರೆ ಹೊಗೆಗೂ ಎಳೆತ ಕುಗ್ಗುವುದಕ್ಕೂ ಬೇರೆ ಕಾರಣಗಳೂ ಇವೆ. ನಾಝಲ್ ಕೆಟ್ಟಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು, ವಾಲ್ವಿನ ಸಂದು ತಪ್ಪಿರಬಹುದು. ಸಪ್ಪಳವೂ ಮೋಸ ಮಾಡುತ್ತದೆ. ಆದ್ದರಿಂದ ಸೂಚನೆ ಕಂಡ ಕೂಡಲೇ ಚೈನು ಕೊಳ್ಳಲು ಓಡಬೇಡಿರಿ. ಮೊದಲು ಅಳೆಯಿರಿ.

ಅಳೆಯುವ ಬಗೆ

ಇಂಜಿನ್ ತಣ್ಣಗಿರಬೇಕು. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲಿಗೆ ತನ್ನಿರಿ. ಬ್ಯಾಟರಿಯ ಒಂದು ತಂತಿ ಬಿಚ್ಚಿರಿ. ಇಂಜಿನ್ನಿನ ಮೇಲಿನ ವಾಲ್ವ್ ಕವರ್ ತೆಗೆಯಿರಿ. ಈಗ ಕ್ಯಾಮ್ ಶಾಫ್ಟು, ಅದರ ಮುಂದಿನ ಹಲ್ಲುಚಕ್ರ, ಅದರ ಮೇಲೆ ಹಾಯ್ದ ಚೈನು ಎಲ್ಲವೂ ಕಾಣುತ್ತವೆ.

ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟಿಗೆ 27 ಮಿಲಿಮೀಟರಿನ ಬಾಕ್ಸ್ ಪಾನಾ ಹಾಕಿ, ಗಾಡಿಯ ಮುಂದೆ ನಿಂತು ನೋಡುವಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ನಿಧಾನವಾಗಿ ತಿರುಗಿಸಿರಿ. ಎದುರು ದಿಕ್ಕಿಗೆ ಒಂದು ಗೇಣು ಕೂಡ ತಿರುಗಿಸಬಾರದು. ತಿರುಗಿಸಿದರೆ ಚೈನಿನ ಸಡಿಲು ಬೇರೆ ಬದಿಗೆ ಹೋಗಿ ಅಳತೆ ಸುಳ್ಳಾಗುತ್ತದೆ. ಹೆಚ್ಚು ಸವೆದ ಚೈನು ಹಲ್ಲು ಜಿಗಿಯುವ ಭಯವೂ ಇದೆ.

ಕ್ಯಾಮ್ ಶಾಫ್ಟಿನ ಮುಂದಿನ ಬಳೆಯ ಮೇಲೆ ಒಂದು ಸಣ್ಣ ಕಚ್ಚು ಇರುತ್ತದೆ. ಅದರ ಪಕ್ಕದ ಕಂಬದ ಮೇಲೆ ಒಂದು ಗೆರೆ ಇರುತ್ತದೆ. ಮೊದಲನೆಯ ಸಿಲಿಂಡರಿನ ಎರಡೂ ವಾಲ್ವುಗಳು ಮುಚ್ಚಿರುವಾಗ ಈ ಕಚ್ಚು ಮತ್ತು ಗೆರೆ ಎದುರುಬದುರು ಬಂದೊಡನೆ ನಿಲ್ಲಿಸಿರಿ. ಈಗ ಕೆಳಗೆ ಬಗ್ಗಿ ಕ್ರ್ಯಾಂಕ್ ಪುಲ್ಲಿಯ ಮೇಲಿರುವ ಡಿಗ್ರಿಯ ಗೆರೆಗಳನ್ನು ಮುಳ್ಳಿನ ಎದುರು ಓದಿರಿ. ಹೊಸ ಚೈನಿದ್ದರೆ ಮುಳ್ಳು ಸೊನ್ನೆಯನ್ನು ತೋರಿಸುತ್ತದೆ. ಚೈನು ಸವೆದಷ್ಟೂ ಪುಲ್ಲಿ ಸೊನ್ನೆಯನ್ನು ದಾಟಿ ಮುಂದೆ ಹೋಗಿರುತ್ತದೆ. ದಾಟಿದ ಡಿಗ್ರಿಯೇ ನಿಮ್ಮ ಚೈನಿನ ಸವೆತ. ಒಂದೇ ಸಲ ನೋಡಿ ಬಿಡಬೇಡಿರಿ. ಮತ್ತೆ ಎರಡು ಸುತ್ತು ತಿರುಗಿಸಿ, ಒಟ್ಟು ಮೂರು ಸಲ ಓದಿ ಬರೆದುಕೊಳ್ಳಿರಿ.

ಎರಡು ಮೂರು ಡಿಗ್ರಿಯಾದರೆ ಚಿಂತೆಯಿಲ್ಲ. ವರ್ಷಕ್ಕೊಮ್ಮೆ ನೋಡುತ್ತ ಬನ್ನಿರಿ. ಐದಾರು ಡಿಗ್ರಿಯಾದರೆ ಮುಂದಿನ ಸುಗ್ಗಿಗೆ ಮೊದಲು ಬದಲಿಸುವ ಏರ್ಪಾಡು ಮಾಡಿಕೊಳ್ಳಿರಿ. ಹತ್ತರ ಹತ್ತಿರ ಹೋಗಿದ್ದರೆ ಭಾರ ಹೊರಿಸುವುದನ್ನು ಅಂದೇ ನಿಲ್ಲಿಸುವುದು ಲೇಸು. ಇದು ಸ್ಥೂಲ ಲೆಕ್ಕ. ಇದಕ್ಕಿಂತ ಸೂಕ್ಷ್ಮವಾಗಿ, ವಾಲ್ವು 2 ಮಿಲಿಮೀಟರ್ ಇಳಿದಾಗ ಕ್ರ್ಯಾಂಕು ಎಲ್ಲಿದೆ ಎಂದು ಡಯಲ್ ಗೇಜಿನಿಂದ ನೋಡುವ ಕ್ರಮವೂ ಇದೆ. ಕೈಪಿಡಿ ಮತ್ತು ಗೇಜು ಇರುವ ಗ್ಯಾರೇಜಿನಲ್ಲಿ ಅದನ್ನೇ ಮಾಡಿಸಿರಿ.

ಕೆಲವರು ಹೊಸ ಚೈನು ಹಾಕುವ ಬದಲು ಕ್ಯಾಮಿನ ಹಲ್ಲುಚಕ್ರಕ್ಕೆ ಓರೆಯಾದ ಕೀಲು ಕೂರಿಸಿ ಗುರುತುಗಳನ್ನು ಸರಿಮಾಡಿಕೊಡುತ್ತಾರೆ. ಸ್ವಲ್ಪ ಸವೆತಕ್ಕೆ ತಯಾರಕರೇ ಒಪ್ಪಿದ ಉಪಾಯ ಅದು. ಆದರೆ ಬಹಳ ಸವೆದ ಚೈನಿಗೆ ಅದನ್ನು ಮಾಡಿದರೆ ಗುರುತು ಸರಿಯಾಗುತ್ತದೆಯೇ ಹೊರತು ಚೈನು ಗಟ್ಟಿಯಾಗುವುದಿಲ್ಲ. ಹಳೆಯ ಗಾಡಿ ಕೊಂಡವರು, ಹಿಂದಿನ ಮಾಲೀಕ ಇಂಥ ಕೀಲು ಹಾಕಿಸಿದ್ದನೇ ಎಂದು ಕೇಳಿ ತಿಳಿಯುವುದು ಒಳ್ಳೆಯದು. ಹಾಕಿಸಿದ್ದರೆ ನೀವು ಓದಿದ ಸೊನ್ನೆ ನಿಜವಾದ ಸೊನ್ನೆಯಲ್ಲ.

ಬದಲಿಸುವ ಎರಡು ದಾರಿಗಳು

ಮೊದಲ ದಾರಿ, ಮುಂದಿನ ಮುಚ್ಚಳ ಬಿಚ್ಚದೆಯೇ ಹಳೆಯ ಚೈನಿನ ಬಾಲಕ್ಕೆ ಹೊಸ ಚೈನನ್ನು ಕಟ್ಟಿ ಸುತ್ತಿಸಿ ಒಳಕ್ಕೆ ಎಳೆದುಕೊಳ್ಳುವುದು. ಸೀರೆ ನೇಯುವವರು ಹಳೆಯ ಹಾಸಿನ ಎಳೆಗಳ ತುದಿಗೆ ಹೊಸ ಎಳೆಗಳನ್ನು ಹೊಸೆದು ಎಳೆಯುವಂತೆಯೇ ಇದು. ಖರ್ಚು ಕಡಿಮೆ, ಒಂದು ದಿನದಲ್ಲಿ ಮುಗಿಯುತ್ತದೆ.

ಎರಡನೆಯ ದಾರಿ, ಇಂಜಿನ್ನಿನ ಮುಂಭಾಗವನ್ನೆಲ್ಲ ಬಿಚ್ಚಿ ಚೈನಿನ ಜೊತೆಗೆ ಹಲ್ಲುಚಕ್ರಗಳು, ಜಾರುಪಟ್ಟಿಗಳು, ಟೆನ್ಷನರ್ ಎಲ್ಲವನ್ನೂ ಬದಲಿಸುವುದು. ಖರ್ಚು ಹೆಚ್ಚು, ಕೆಲಸವೂ ಹೆಚ್ಚು.

ಯಾವುದನ್ನು ಆರಿಸಬೇಕು? ಚಕ್ರದ ಹಲ್ಲುಗಳನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿರಿ. ಹಲ್ಲು ಎರಡೂ ಬದಿಗೆ ಸಮನಾಗಿದ್ದರೆ ಮೊದಲ ದಾರಿ ಸಾಕು. ಕುಡುಗೋಲಿನ ಮೊನೆಯಂತೆ ಒಂದೇ ಕಡೆಗೆ ಬಾಗಿದ್ದರೆ ಹೊಸ ಚೈನು ಅದರ ಮೇಲೆ ಬೇಗನೆ ಹಾಳಾಗುತ್ತದೆ. ಜಾರುಪಟ್ಟಿ ಒಡೆದಿದ್ದರೆ, ಪ್ಲಾಸ್ಟಿಕ್ಕಿನ ಚೂರು ಕಂಡಿದ್ದರೆ, ಎರಡನೆಯ ದಾರಿಯೇ ಸರಿ. ಹಳೆಯ ಗೋಡೆಗೆ ಹೊಸ ಬಾಗಿಲು ಕೂರಿಸಿ ಪ್ರಯೋಜನವಿಲ್ಲ.

ಸುತ್ತಿಸಿ ಹಾಕುವ ಕ್ರಮ

ಇದನ್ನು ಅನುಭವವುಳ್ಳ ಮೆಕ್ಯಾನಿಕನ ಕೈಯಿಂದಲೇ ಮಾಡಿಸಿರಿ. ಆದರೆ ಕ್ರಮವನ್ನು ನೀವೂ ತಿಳಿದಿರಬೇಕು. ಮಾಲೀಕ ಪಕ್ಕದಲ್ಲಿ ನಿಂತು ತಿಳಿದು ನೋಡುತ್ತಿದ್ದರೆ ಕೆಲಸ ಚೊಕ್ಕಟವಾಗುತ್ತದೆ. ಇದಕ್ಕೆ ಕನಿಷ್ಠ ಮೂರು ಜನ ಬೇಕು.

1. ಹೊಸ ಚೈನನ್ನು ತಂದಾಗ ಅದರ ಕೊಂಡಿಗಳನ್ನು ಎಣಿಸಿಕೊಳ್ಳಿರಿ. ಹಳೆಯದು ಹೊರಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಹಾಸಿ ತಾಳೆ ನೋಡಿರಿ. ಕೊಂಡಿಗಳ ಎಣಿಕೆ ಒಂದೇ ಇರಬೇಕು. ಉದ್ದದಲ್ಲಿ ಕಾಣುವ ವ್ಯತ್ಯಾಸವೇ ಇಷ್ಟು ವರ್ಷದ ಸವೆತ.

2. ಮೊದಲನೆಯ ಸಿಲಿಂಡರು ಒತ್ತಡದ ತುದಿಯಲ್ಲಿ ಇರುವಂತೆ ಗುರುತುಗಳನ್ನು ಕೂಡಿಸಿ, ಕ್ಯಾಮಿನ ಚಕ್ರಕ್ಕೂ ಚೈನಿಗೂ ಬಿಳಿ ಬಣ್ಣದ ಚುಕ್ಕೆ ಇಡಬೇಕು.

3. ನಾಲ್ಕೂ ಗ್ಲೋ ಪ್ಲಗ್ಗುಗಳನ್ನು ಬಿಚ್ಚಿರಬೇಕು. ಆಗ ಸಿಲಿಂಡರಿನಲ್ಲಿ ಗಾಳಿಯ ಒತ್ತಡ ನಿಲ್ಲದೆ ಇಂಜಿನ್ನು ಜರ್ಕಿಲ್ಲದೆ ತಿರುಗುತ್ತದೆ. ಇದನ್ನು ಬಿಟ್ಟು ಕೆಲಸ ಮಾಡಿದರೆ ಇಂಜಿನ್ನು ತಟ್ಟನೆ ಮುಂದಕ್ಕೆ ಜಿಗಿದು ಚೈನಿನ ತುದಿ ಕೈತಪ್ಪುತ್ತದೆ.

4. ಟೆನ್ಷನರನ್ನು ಹೊರತೆಗೆದ ಮೇಲೆ, ಚೈನು ಕೆಳಗಿಳಿಯುವ ಬಾವಿಯಂಥ ಜಾಗಕ್ಕೆ ಶುಭ್ರವಾದ ಬಟ್ಟೆ ತುರುಕಿ ಮುಚ್ಚಬೇಕು. ಇದನ್ನು ಮರೆಯಬಾರದು. ಪಿನ್ನಿನ ತಲೆ ಉಜ್ಜುವಾಗ ಉದುರುವ ಉಕ್ಕಿನ ಪುಡಿ ಒಳಕ್ಕೆ ಬಿದ್ದರೆ ಬೇರಿಂಗುಗಳಿಗೆ ವಿಷವಿಟ್ಟಂತೆ. ಉದುರಿದ ಪುಡಿಯನ್ನು ಅಯಸ್ಕಾಂತದಿಂದ ಎತ್ತಬೇಕು.

5. ಕತ್ತರಿಸಿದ ಕೂಡಲೇ ಎರಡು ತುದಿಗಳೂ ಕೈಯಲ್ಲಿರಬೇಕು. ಇಂಜಿನ್ನು ತಿರುಗುವಾಗ ಕೆಳಗೆ ಇಳಿಯುವ ಬದಿಯ ತುದಿಗೆ ಹೊಸ ಚೈನನ್ನು ಜೋಡಿಸಬೇಕು. ಒಬ್ಬನು 27ರ ಪಾನಾದಿಂದ ಕ್ರ್ಯಾಂಕನ್ನು ನಿಧಾನವಾಗಿ ಮುಂದಕ್ಕೆ ತಿರುಗಿಸುತ್ತಾನೆ. ಇನ್ನೊಬ್ಬನು ಹೊಸ ಚೈನು ಕ್ಯಾಮಿನ ಹಲ್ಲುಗಳಲ್ಲಿ ಕಚ್ಚಿಕೊಂಡೇ ಇಳಿಯುವಂತೆ ಒತ್ತಿ ಹಿಡಿಯುತ್ತಾನೆ. ಮೂರನೆಯವನು ಮೇಲೆ ಬರುವ ಹಳೆಯ ಚೈನನ್ನು ಬಿಗಿಯಾಗಿ ಎಳೆದುಕೊಳ್ಳುತ್ತಾನೆ. ಬಾವಿಯಿಂದ ಹಗ್ಗ ಸೇದುವಾಗ ಕೊಡದ ಹಗ್ಗ ಕೈತಪ್ಪದಂತೆ ಹೇಗೆ ಜಾಗ್ರತೆಯೋ ಹಾಗೆ. ಕ್ಯಾಮಿನ ಹಲ್ಲಿನಿಂದ ಚೈನು ಒಂದು ಕ್ಷಣ ಎದ್ದರೂ ಹೆಜ್ಜೆ ತಪ್ಪುತ್ತದೆ. ತುದಿ ಒಳಕ್ಕೆ ಬಿದ್ದರೆ ಮುಂಭಾಗವನ್ನೆಲ್ಲ ಬಿಚ್ಚಬೇಕಾಗುತ್ತದೆ.

6. ಹೊಸ ಚೈನಿನ ತುದಿ ಸುತ್ತಿ ಮೇಲೆ ಬಂದ ಮೇಲೆ ಎರಡು ತುದಿಗಳನ್ನು ಕೂಡುಕೊಂಡಿಯಿಂದ ಸೇರಿಸಿ, ಪಿನ್ನುಗಳ ತಲೆಯನ್ನು ಅದಕ್ಕೆಂದೇ ಇರುವ ಉಪಕರಣದಿಂದ ಚಪ್ಪಟೆ ಮಾಡಬೇಕು. ಸುತ್ತಿಗೆಯಿಂದ ಬಡಿಯುವುದು ಸಲ್ಲದು. ಕ್ಲಿಪ್ಪಿನ ಕೊಂಡಿಯಾದರೆ ಕ್ಲಿಪ್ಪಿನ ಮುಚ್ಚಿದ ಬದಿ ಚೈನು ಓಡುವ ದಿಕ್ಕಿಗೆ ಇರಬೇಕು. ಟ್ರ್ಯಾಕ್ಟರು, ಮೋಟಾರು ಸೈಕಲ್ಲುಗಳ ಚೈನು ಹಾಕಿಸಿದವರಿಗೆ ಇದು ಗೊತ್ತಿದ್ದದ್ದೇ.

7. ಟೆನ್ಷನರನ್ನು ಒಣಗಿದ ಹಾಗೆಯೇ ಕೂರಿಸಬಾರದು. ಅದನ್ನು ಎಣ್ಣೆಯ ಡಬ್ಬಿಯಲ್ಲಿ ಮುಳುಗಿಸಿ, ನಿಧಾನವಾಗಿ ಏಳೆಂಟು ಸಲ ಒತ್ತಿ ಬಿಟ್ಟು, ಒಳಗಿನ ಗಾಳಿ ಹೊರಹೋಗಿ ಎಣ್ಣೆ ತುಂಬಿಕೊಂಡ ಮೇಲೆ ಕೂರಿಸಬೇಕು. ಸರಿಯಾಗಿ ತುಂಬಿದ ಟೆನ್ಷನರು ಕೈಯಿಂದ ಸುಲಭವಾಗಿ ಒಳಸರಿಯುವುದಿಲ್ಲ.

8. ಸ್ಟಾರ್ಟರಿಗೆ ಕೈಹಾಕುವ ಮೊದಲು ಇಂಜಿನ್ನನ್ನು ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೆ ನೋಡಬೇಕು. ನಡುವೆ ಎಲ್ಲಿಯಾದರೂ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿರಿ. ವಾಲ್ವು ಪಿಸ್ಟನ್ನಿಗೆ ತಾಗುತ್ತಿದೆ ಎಂದು ಅರ್ಥ.

9. ಕೊನೆಯದಾಗಿ ಡೀಸೆಲ್ ಪಂಪಿನ ಟೈಮಿಂಗ್. ಹಳೆಯ ಚೈನಿದ್ದಾಗ ತಡವಾಗುತ್ತಿದ್ದ ಡೀಸೆಲು ಹೊಸ ಚೈನಿನಿಂದ ಮೊದಲಿಗಿಂತ ಬೇಗ ಚಿಮ್ಮುತ್ತದೆ. ಹಿಂದೆ ಯಾರಾದರೂ ಸವೆದ ಚೈನಿಗೆ ಹೊಂದುವಂತೆ ಪಂಪನ್ನು ತಿರುಗಿಸಿಟ್ಟಿದ್ದರೆ ಈಗ ಅದು ಅತಿಯಾಗುತ್ತದೆ, ಇಂಜಿನ್ನು ಬಡಿಯತೊಡಗುತ್ತದೆ. ಮೂಲ ಬೆಂಜ್ ಇಂಜಿನ್ನಿನ ಲೆಕ್ಕದಲ್ಲಿ ಪಿಸ್ಟನ್ ತುದಿಗೆ ಬರುವುದಕ್ಕೆ 24 ಡಿಗ್ರಿ ಮೊದಲು ಡೀಸೆಲ್ ಚಿಮ್ಮಲು ತೊಡಗಬೇಕು. ನಿಮ್ಮ ಗಾಡಿಯ ಕೈಪಿಡಿ ಹೇಳುವ ಅಂಕಿಗೆ ಸರಿಯಾಗಿ ಹೊಂದಿಸಿಕೊಡಲು ಹೇಳಿರಿ. ಈ ಕೆಲಸವನ್ನು ಬಿಟ್ಟು ಗಾಡಿ ಬಿಡಿಸಿಕೊಂಡು ಬರಬೇಡಿರಿ.

ಬ್ರೇಕಿನ ವ್ಯಾಕ್ಯೂಮ್ ಪಂಪನ್ನೂ ನೋಡಿರಿ

ಬ್ರೇಕಿಗೆ ಸಹಾಯ ಮಾಡುವ ವ್ಯಾಕ್ಯೂಮ್ ಪಂಪು ಕೆಲವು ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೆ ಇರುತ್ತದೆ. ಬೆಂಜ್ ಮೂಲದ ಕೆಲವು ಇಂಜಿನ್ನುಗಳಲ್ಲಿ ಅದು ಇಂಜಿನ್ನಿನ ಮುಂಭಾಗದಲ್ಲಿ, ಚೈನಿನಿಂದ ತಿರುಗುವ ಭಾಗಕ್ಕೇ ತಾಗಿಕೊಂಡಿರುತ್ತದೆ. ಅಂಥ ಪಂಪಿನ ಬೇರಿಂಗು ಒಡೆದರೆ ಗುಂಡುಗಳು ನೇರವಾಗಿ ಚೈನಿಗೆ ಬಿದ್ದು, ಹೊಸ ಚೈನನ್ನೂ ತುಂಡುಮಾಡುತ್ತವೆ. ಆದ್ದರಿಂದ ಚೈನು ಬದಲಿಸುವ ದಿನವೇ ಆ ಪಂಪನ್ನು ಬಿಚ್ಚಿಸಿ ನೋಡುವುದು ಜಾಣತನ.

ಇಂಜಿನ್ನು ನಿಂತ ಕೂಡಲೇ ಈ ಪಂಪಿನ ಸಹಾಯವೂ ನಿಲ್ಲುತ್ತದೆ. ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ. ಭಾರ ಹೊತ್ತ ಗಾಡಿ ಓಡುತ್ತಿರುವಾಗ ಚೈನು ತುಂಡಾದರೆ ಕೆಡುವುದು ಇಂಜಿನ್ನು ಮಾತ್ರವಲ್ಲ. ಹತ್ತಿ ಬಿಡಿಸಲು, ಕಳೆ ತೆಗೆಯಲು ಕೂಲಿಯಾಳುಗಳನ್ನು ಸರಕಿನ ಗಾಡಿಯಲ್ಲಿ ನಿಲ್ಲಿಸಿಕೊಂಡು ಹೋಗುವ ರೂಢಿ ನಮ್ಮ ಕಡೆ ಇನ್ನೂ ಹೋಗಿಲ್ಲ. ಕಾನೂನು ಒಪ್ಪದ ಮಾತು ಅದು. ಮುಪ್ಪಾದ ಗಾಡಿಯಲ್ಲಂತೂ ಜೀವದ ಮಾತು. ಸರಕಿನ ಗಾಡಿ ಸರಕಿಗೇ ಇರಲಿ.

ತುಂಡಾಗಿಯೇ ಹೋದರೆ?

ಓಡುವಾಗ ಇಂಜಿನ್ನು ತಟ್ಟನೆ ಸತ್ತು, ಮತ್ತೆ ಕೀಲಿ ತಿರುಗಿಸಿದಾಗ ಸ್ಟಾರ್ಟರು ಭಾರವಿಲ್ಲದಂತೆ ಸರಸರ ತಿರುಗಿದರೆ ಚೈನಿನ ಮೇಲೆ ಸಂಶಯಪಡಿರಿ. ಮತ್ತೆ ಮತ್ತೆ ಕೀಲಿ ಹಾಕಬೇಡಿರಿ, ತಳ್ಳಿಸಬೇಡಿರಿ, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿ ಚಾಲೂ ಮಾಡಲು ನೋಡಬೇಡಿರಿ. ಒಂದೊಂದು ಸುತ್ತಿಗೂ ಇನ್ನೊಂದು ವಾಲ್ವು ಬಾಗುತ್ತದೆ. ಎಣ್ಣೆ ಹಾಕುವ ಮುಚ್ಚಳ ತೆಗೆದು ಒಳಗೆ ನೋಡುತ್ತ, ಕ್ರ್ಯಾಂಕನ್ನು ಪಾನಾದಿಂದ ಸ್ವಲ್ಪ ಮಾತ್ರ ತಿರುಗಿಸಿರಿ. ಕ್ಯಾಮು ಅಲುಗದಿದ್ದರೆ ಚೈನು ಹೋಗಿದೆ. ಗಾಡಿಯನ್ನು ನ್ಯೂಟ್ರಲಿನಲ್ಲಿಟ್ಟು ಗ್ಯಾರೇಜಿಗೆ ಎಳೆಸಿರಿ.

ಹೊಸ ಚೈನು ಬಹುಕಾಲ ಬಾಳಬೇಕಾದರೆ

ಇಂಜಿನ್ ಆಯಿಲ್ಲನ್ನು ಸುಮಾರು 5000 ಕಿಲೋಮೀಟರಿಗೆ ತಪ್ಪದೆ ಬದಲಿಸಿರಿ. ಧೂಳಿನ ದಾರಿಯಲ್ಲಿಯೇ ಹೆಚ್ಚು ಓಡಿಸುವವರು ಇನ್ನೂ ಮೊದಲೇ ಬದಲಿಸುವುದು ಒಳ್ಳೆಯದು. ಎಣ್ಣೆಯ ಜೊತೆಗೆ ಫಿಲ್ಟರನ್ನೂ ಬದಲಿಸಿರಿ. ಹಳೆಯ ಎಣ್ಣೆಯನ್ನು ಕಾಲುವೆಗೋ ಹಳ್ಳಕ್ಕೋ ಸುರಿಯಬೇಡಿರಿ. ನಿಮ್ಮ ದನವೇ ಆ ನೀರು ಕುಡಿಯುವುದು.

ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಅಬ್ಬರಿಸಬೇಡಿರಿ. ಎಣ್ಣೆ ಮೇಲೇರಲು ಅರ್ಧ ನಿಮಿಷ ಬಿಡಿರಿ.

ಏರಿನಲ್ಲಿ ಗಾಡಿ ನಿಲ್ಲಿಸುವಾಗ ಗೇರಿನ ಮೇಲೆಯೇ ಭಾರ ಬಿಡಬೇಡಿರಿ. ಏರುಮುಖವಾಗಿ ನಿಂತ ಗಾಡಿ ಮುಂದಿನ ಗೇರಿನಲ್ಲಿರುವಾಗ ಹಿಂದಕ್ಕೆ ಜಾರಿದರೆ ಇಂಜಿನ್ನು ಎದುರು ದಿಕ್ಕಿಗೆ ತಿರುಗುತ್ತದೆ. ಸಡಿಲ ಚೈನು ಹಲ್ಲು ಜಿಗಿಯುವುದು ಇಂಥ ಹೊತ್ತಿನಲ್ಲಿಯೇ. ಕೈಬ್ರೇಕು ಹಾಕಿ, ಗಾಲಿಗೆ ಕಲ್ಲು ಕೊಡುವ ಹಳೆಯ ರೂಢಿಯೇ ಮೇಲು.

ಗ್ಯಾರೇಜಿಗೆ ಹೋಗುವ ಮೊದಲೇ ಯಾವ ಯಾವ ಭಾಗ ಬದಲಿಸುತ್ತಾರೆ, ಕೂಲಿ ಎಷ್ಟು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಹಳೆಯ ಚೈನನ್ನು ಕೇಳಿ ಪಡೆದುಕೊಂಡು ಬನ್ನಿರಿ. ಕೈಯಲ್ಲಿ ಹಿಡಿದು ಅಡ್ಡಕ್ಕೆ ಚಾಚಿದಾಗ ಅದು ಹೊಸದಕ್ಕಿಂತ ಎಷ್ಟು ಬಾಗುತ್ತದೆ ಎಂದು ಮನೆಯ ಹುಡುಗರಿಗೂ ತೋರಿಸಿರಿ.

ಒಂದು ನೋಟ್ ಬುಕ್ಕು

ಸಂತೆಕಲ್ಲೂರು ಘನಮಠ ಶಿವಯೋಗಿಗಳ ಊರು. 19ನೆಯ ಶತಮಾನದಲ್ಲಿಯೇ ಅವರು ಒಕ್ಕಲುತನದ ಅರಿವನ್ನು "ಕೃಷಿಜ್ಞಾನ ಪ್ರದೀಪಿಕೆ" ಎಂಬ ಗ್ರಂಥವಾಗಿ ಕನ್ನಡದಲ್ಲಿ ಬರೆದಿಟ್ಟರು. ಒಕ್ಕಲಿಗನ ಅನುಭವ ಬಾಯಿಮಾತಿನಲ್ಲಿಯೇ ಕಳೆದುಹೋಗದೆ ಬರಹಕ್ಕೆ ಇಳಿದದ್ದರಿಂದ ಮುಂದಿನವರಿಗೆ ದಕ್ಕಿತು. ನಾವು ಗ್ರಂಥ ಬರೆಯಬೇಕಾಗಿಲ್ಲ. ಗಾಡಿಯಲ್ಲಿ ಒಂದು ಎರಡು ಕಾಸಿನ ನೋಟ್ ಬುಕ್ಕು ಇಟ್ಟರೆ ಸಾಕು. ಎಣ್ಣೆ ಬದಲಿಸಿದ ತಾರೀಕು, ಅಂದಿನ ಕಿಲೋಮೀಟರ್, ಚೈನು ಅಳೆದಾಗ ಕಂಡ ಡಿಗ್ರಿ, ಇಷ್ಟನ್ನು ಬರೆಯಿರಿ. ಹೋದ ವರ್ಷ ಮೂರು ಇದ್ದದ್ದು ಈ ವರ್ಷ ಐದಾಯಿತು ಎಂದು ಪುಸ್ತಕವೇ ಹೇಳುತ್ತದೆ. ಗಾಡಿ ಮಾರುವಾಗ ಅದೇ ಪುಸ್ತಕ ನಿಮ್ಮ ಮಾತಿಗೆ ಬೆಲೆ ತರುತ್ತದೆ.

ಮುಂಗಾರಿಗೆ ಮೊದಲು ಕೂರಿಗೆಯ ತಾಳು, ಕುಂಟೆಯ ಕುಡ ಸರಿಯಿದೆಯೇ ಎಂದು ನೋಡದ ಒಕ್ಕಲಿಗನಿಲ್ಲ. ಅದೇ ದಿನ ಪಿಕಪ್ಪಿನ ಮುಚ್ಚಳವನ್ನೂ ತೆಗೆದು ಒಮ್ಮೆ ಗುರುತು ನೋಡಿರಿ. ಅಣೆಕಟ್ಟಿನ ಚೈನಿನ ಮೇಲೆ ನಮಗೆ ಕೈಯಿಲ್ಲ. ನಮ್ಮ ಗಾಡಿಯ ಚೈನಿನ ಮೇಲೆ ಇದೆ.